ಮುಳುಗಿದ ಕಬ್ಬಿಣ ಯಾರ ಸ್ವತ್ತು?

ಸತ್ತವರಿಗೆ ಸೇರಿದ ವಸ್ತುವನ್ನು ಬದುಕಿರುವವರು ಬಳಸಬಹುದೆ? ಈ ಪ್ರಶ್ನೆಯನ್ನು ನೆಲದ ಮೇಲೆ ಕೇಳಿದರೆ ಉತ್ತರವು ಸುಲಭವಾಗಿಯೇ ದೊರೆಯುತ್ತದೆ. ಶ್ಮಶಾನದ ಕಲ್ಲನ್ನು ಕಿತ್ತು ಮನೆಯ ಪಂಚಾಂಗಕ್ಕೆ ಹಾಕಿದವನನ್ನು ಊರಿನವರು ಸುಮ್ಮನೆ ಬಿಡಲಾರರು. ಆದರೆ ಅದು ನೀರಿನಡಿಯಲ್ಲಿದ್ದರೆ? ಕಣ್ಣಿಗೆ ಕಾಣದ ಗೋರಿಗೂ ಮರ್ಯಾದೆಯುಂಟೆ? ಯುದ್ಧದಲ್ಲಿ ಮುಳುಗಿದ ಹಡಗುಗಳ ವಿಚಾರವನ್ನು ಓದುವಾಗ, ಓದಿದುದನ್ನು ಮಕ್ಕಳಿಗೆ ತಿಳಿಸಿ ಹೇಳುವಾಗ, ಉಪಾಧ್ಯಾಯರಾದ ನಮ್ಮನ್ನು ಈ ಪ್ರಶ್ನೆಯು ಕಾಡುವುದುಂಟು.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅದರ ನಡುವೆ, ದ್ವೀಪಗಳೇ ಕೋಟೆಯಂತೆ ಸುತ್ತುವರಿದ ವಿಶಾಲವಾದ ಸಹಜ ಬಂದರಿಗೆ ಸ್ಕಾಪಾ ಫ್ಲೋ ಎಂದು ಹೆಸರು. ಮೊದಲನೆಯ ಮಹಾಯುದ್ಧವು 1918ರ ನವೆಂಬರಿನಲ್ಲಿ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಇಲ್ಲಿ ತಡೆದಿರಿಸಿದರು. ಸಂಧಿಯ ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ತನ್ನ ನೌಕೆಗಳು ಗೆದ್ದವರ ಕೈಸೇರಬಾರದೆಂದು ಅವುಗಳ ಅಧಿಪತಿಯಾದ ಲುಡ್ವಿಗ್ ಫಾನ್ ರಾಯ್ಟರನು 1919ರ ಜೂನ್ 21ರಂದು ಎಲ್ಲವನ್ನೂ ಮುಳುಗಿಸಿಬಿಡಲು ಅಪ್ಪಣೆ ಕೊಟ್ಟನು. ಅಂದೇ 52 ನೌಕೆಗಳು ತಳವನ್ನು ಸೇರಿದುವು. ಬ್ರಿಟಿಷರ ಗುಂಡಿಗೆ 9 ಮಂದಿ ಜರ್ಮನರು ಬಲಿಯಾದರು. ಅದೇ ದಿನ ಸ್ಟ್ರೋಮ್‌ನೆಸ್ ಎಂಬ ಊರಿನ ಶಾಲಾ ಮಕ್ಕಳು ‘ಫ್ಲೈಯಿಂಗ್ ಕೆಸ್ಟ್ರೆಲ್’ ಎಂಬ ಹಡಗಿನಲ್ಲಿ ಈ ನೌಕೆಗಳನ್ನು ನೋಡಲೆಂದೇ ಪ್ರವಾಸ ಹೊರಟಿದ್ದರು. ನೋಡಲು ಹೋದುದು ನೋಡುತ್ತಿದ್ದಂತೆಯೇ ಕಾಣದಾಯಿತು! ಆಮೇಲೆ ಆ ಶಾಲೆಯಲ್ಲಿ ಪ್ರಬಂಧಕ್ಕೆ ವಿಷಯವನ್ನು ಹುಡುಕುವ ಕಷ್ಟ ಉಪಾಧ್ಯಾಯರಿಗೆ ಇದ್ದಿರಲಾರದು.

ಕೆಲವು ವರ್ಷಗಳ ಮೇಲೆ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿಯು ಈ ಹಡಗುಗಳನ್ನು ಬ್ರಿಟಿಷ್ ನೌಕಾಖಾತೆಯಿಂದ ಕ್ರಯಕ್ಕೆ ಪಡೆದನು. ಅದುವರೆಗೆ ಒಂದು ಹಡಗನ್ನಾದರೂ ಎತ್ತಿದವನಲ್ಲ. 1924ರಲ್ಲಿ ಕೆಲಸಕ್ಕೆ ಕೈಯಿಕ್ಕಿ ಚಿಕ್ಕವನ್ನು ಮೊದಲು, ದೊಡ್ಡವನ್ನು ಅನಂತರ ಎತ್ತಿಸಿದನು. ಮುಳುಗುಗಾರರು ಇಳಿದು ಹಡಗಿನ ರಂಧ್ರಗಳನ್ನೆಲ್ಲ ಮುಚ್ಚುವುದು, ಒಳಕ್ಕೆ ಒತ್ತಡದಿಂದ ಗಾಳಿಯನ್ನು ತುಂಬುವುದು, ಗಾಳಿಯು ನೀರನ್ನು ಹೊರದೂಡಿದಂತೆ ಹಡಗು ತೇಲಿಬರುವುದು, ಇದು ಅವನ ಕ್ರಮ. 1926ರಲ್ಲಿ ಗಣಿಗಾರರ ಮುಷ್ಕರದಿಂದ ಕಲ್ಲಿದ್ದಲು ಸಿಕ್ಕದಾದಾಗ, ಮುಳುಗಿದ್ದ ‘ಸೈಡ್ಲಿಟ್ಸ್’ ನೌಕೆಯ ಉಗ್ರಾಣದೊಳಗಿನ ಕಲ್ಲಿದ್ದಲನ್ನೇ ತೆಗೆದು ತನ್ನ ಯಂತ್ರಗಳಿಗೆ ಉರಿಸಿದನಂತೆ. ‘ಹಿಂಡೆನ್‌ಬರ್ಗ್’ ಎಂಬ ಮಹಾನೌಕೆಯು ಹಲವು ಸೋಲುಗಳ ತರುವಾಯ 1930ರಲ್ಲಿ ಮೇಲಕ್ಕೆ ಬಂತು. ಅವನ ಬಳಿಕ ಬೇರೆಯವರೂ ಈ ಕಸಬನ್ನು ಮುಂದುವರಿಸಿದರು. ಇಂದು ಅಲ್ಲಿ ಉಳಿದಿರುವುವು 7 ಮಾತ್ರ. ಅವು 2001ರಲ್ಲಿ ರಕ್ಷಿತ ಸ್ಮಾರಕಗಳಾದುವು.

ಕಾಕ್ಸನನ್ನು ಗೋರಿಗಳ್ಳನೆನ್ನಲು ನಮಗೆ ಮನಸ್ಸು ಬರುವುದಿಲ್ಲ. ಅವನು ಎತ್ತಿದುದು ಜನರು ಇಳಿದುಹೋದ ಮೇಲೆ ಮುಳುಗಿದ ಬರಿಯ ಹಡಗುಗಳನ್ನು. ಅದೂ ಹಣ ತೆತ್ತು. ಕೊಲ್ಲಲೆಂದು ಹುಟ್ಟಿದ ಕಬ್ಬಿಣವು ಕರಗಿ ಬೇರೊಂದು ಉಪಯೋಗಕ್ಕೆ ಬಂದುದಾದರೆ ನಷ್ಟವೇನು?

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಹಲವು ಹಡಗುಗಳು ಬೋರಲಾಗಿ ಮುಳುಗಿದ್ದುವಾದುದರಿಂದ ತಲೆಕೆಳಗಾಗಿಯೇ ಮೇಲೆ ಬಂದುವು. ಕೂವೆಕಂಬ, ಹೊಗೆಕೊಳವೆ, ಸರ್ಚ್‌ಲೈಟು ಮುಂತಾದುವು ಮುರಿದೋ ಕತ್ತರಿಸಲ್ಪಟ್ಟೋ ತಳದಲ್ಲಿಯೇ ಉಳಿದುವು. ಹಡಗಿಲ್ಲದ ಹಡಗಿನ ಜಾಗಗಳಿವು. ಬಹುಕಾಲ ಇವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಚೆಗೆ ಪ್ರಾಕ್ತನಶಾಸ್ತ್ರಜ್ಞರು ಶಬ್ದದ ಅಲೆಗಳಿಂದ ತಳವನ್ನು ಚಿತ್ರಿಸುವ ಸೋನಾರ್ ಯಂತ್ರವನ್ನು ದೋಣಿಯಿಂದ ಎಳೆದು, ಮುಳುಗುಗಾರರನ್ನು ಇಳಿಸಿ, ಈ ಚೂರುಗಳನ್ನೂ ಅಳೆದು ನಕ್ಷೆಯಲ್ಲಿ ಗುರುತಿಸಿದ್ದಾರೆ. ಯಾವುದನ್ನೂ ಮೇಲಕ್ಕೆ ತರುವುದು ಅವರ ಉದ್ದೇಶವಲ್ಲ. ಗುಜರಿಯವನೂ ಬೇಡವೆಂದು ಬಿಟ್ಟುದಕ್ಕೆ ಇಷ್ಟು ಶ್ರಮವೇಕೆ ಎಂದು ಯಾರಾದರೂ ನಗಬಹುದು. ನಮಗಾದರೋ ಇದರಲ್ಲಿ ಒಂದು ನ್ಯಾಯವು ಕಾಣುತ್ತದೆ. ಯುದ್ಧದ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರಿರುತ್ತದೆ. ತಣ್ಣೀರಿನಲ್ಲಿ ಇಳಿದು ರಂಧ್ರಗಳನ್ನು ಮುಚ್ಚಿದ ಕೂಲಿಯವನ ಗುರುತು, ಅವನು ಕತ್ತರಿಸಿಬಿಟ್ಟ ಕಬ್ಬಿಣದ ಅಂಚಿನಲ್ಲಿ ಮಾತ್ರ ಉಳಿದಿದೆ.

ಇದಕ್ಕೆ ತೀರ ಬೇರೆಯಾದುದು ಜಾವಾ ಸಮುದ್ರದ ಸಂಗತಿ. 1942ರ ಫೆಬ್ರವರಿ 27ರಂದು ಅಲ್ಲಿ ಜಪಾನೀಯರಿಗೂ ಮಿತ್ರಪಕ್ಷದವರಿಗೂ ಕಾಳಗವಾಗಿ ‘ಡಿ ರಾಯ್ಟರ್’, ‘ಜಾವಾ’, ‘ಕೋರ್ಟೆನಾರ್’ ಎಂಬ ಡಚ್ ನೌಕೆಗಳು ನೂರಾರು ನಾವಿಕರೊಡನೆ ಮುಳುಗಿದುವು. 2002ರಲ್ಲಿ ಮುಳುಗುಗಾರರು ಅವುಗಳ ಪತ್ತೆ ಹಚ್ಚಿದರು. ಕಾಳಗದ 75ನೆಯ ವರ್ಷದ ಸ್ಮರಣೆಗಾಗಿ 2016ರಲ್ಲಿ ಪುನಃ ಇಳಿದು ನೋಡಿದರೆ, ಮೊದಲಿನ ಎರಡು ಪೂರ್ತಿಯಾಗಿ, ಮೂರನೆಯದರ ಬಹುಭಾಗ, ಇಲ್ಲವಾಗಿದ್ದುವು! ಹಡಗು ಮಲಗಿದ್ದ ಕಡೆ ಹೊಂಡ ಮಾತ್ರ ಉಳಿದಿತ್ತು. ಒಳಗಿದ್ದವರ ಎಲುಬುಗಳೇನಾದುವು?

‘ಹಸಿದವನಿಗೆ ಗೋರಿಯೇನು, ಗುಡಿಯೇನು? ಸತ್ತವರಿಗಿಂತ ಬದುಕಿರುವ ಮಕ್ಕಳು ದೊಡ್ಡವರಲ್ಲವೆ?’ ಎಂದು ಇಲ್ಲೊಂದು ಆಕ್ಷೇಪವನ್ನು ತರಬಹುದು. ಇದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಬಡತನವೇನೆಂಬುದು ಹಳ್ಳಿಯ ಶಾಲೆಯಲ್ಲಿರುವ ನಮಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಆದರೆ ಆರು ಸಾವಿರ ಟನ್ನುಗಳ ನೌಕೆಯನ್ನು ಹಸಿದ ಬೆಸ್ತನೊಬ್ಬನು ಚೀಲದಲ್ಲಿ ಹೊತ್ತೊಯ್ಯುವನೆ? ಅದಕ್ಕೆ ಭಾರವೆತ್ತುವ ಯಂತ್ರಗಳು ಬೇಕು, ದೊಡ್ಡ ದೋಣಿ ಬೇಕು, ಕೊಳ್ಳುವ ಧನಿಕರು ಬೇಕು. ನೀರಿಗೆ ಇಳಿದವನು ಬಡವನಾಗಿದ್ದಿರಬಹುದು. ಲಾಭವು ಅವನ ಮನೆಗೆ ಹೋಗಿರಲಾರದು. ಬಡವನ ಹಸಿವನ್ನು ಸಿರಿವಂತನ ಕಳವಿಗೆ ಮರೆಯಾಗಿ ಹಿಡಿಯುವುದು ನಮಗೆ ಒಪ್ಪಿಗೆಯಿಲ್ಲ.

ಹಾಗೆಂದು ಕಾನೂನು ಹೇಳಿದುದೇ ಧರ್ಮವೆಂದೂ ತಿಳಿಯಲಾಗದು. ಸ್ಕಾಪಾ ಫ್ಲೋದಲ್ಲಿಯೇ 1917ರ ಜುಲೈ 9ರಂದು ‘ವ್ಯಾನ್‌ಗಾರ್ಡ್’ ಎಂಬ ಬ್ರಿಟಿಷ್ ನೌಕೆಯು ಸಿಡಿದು 843 ಮಂದಿ ಸತ್ತರು. ಅದರ ಲೋಹವನ್ನೂ ಗುಜರಿಗಾಗಿ ತೆಗೆದುದುಂಟು. ಅನುಮತಿಯಿಲ್ಲದೆ ಅಲ್ಲಿ ಇಳಿಯಕೂಡದೆಂಬ ಕಟ್ಟು ಬಂದುದು 2002ರಲ್ಲಿ. 85 ವರ್ಷಗಳವರೆಗೆ ಆ ನಾವಿಕರು ಸತ್ತಿರಲಿಲ್ಲವೆ? ನಮ್ಮ ಕಡೆಗೆ ಸಂಬಂಧಪಟ್ಟ ‘ಎಮ್ಡೆನ್’ ಹಡಗಿನ ಗತಿಯೂ ಇಂಥದೇ. 1914ರ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡು ಸುರಿಸಿ, ಅದೇ ನವೆಂಬರಿನಲ್ಲಿ ಕೋಕೋಸ್ ದ್ವೀಪಗಳ ಹವಳದ ದಿಬ್ಬಕ್ಕೆ ಸಿಕ್ಕಿ ಹಾಳಾದ ಅದನ್ನು 1950ರ ದಶಕದಲ್ಲಿ ಜಪಾನಿನ ಗುಜರಿಯವರು ಒಡೆದು ಸಾಗಿಸಿದರು. ಕಾಸರಗೋಡಿನ ನಮ್ಮ ಮಲೆಯಾಳಿ ನೆರೆಯವರು ಬಹು ದೊಡ್ಡದನ್ನು ‘ಎಮಂಡನ್’ ಎನ್ನುವುದು ಆ ಹಡಗಿನ ಹೆಸರಿನಿಂದಲೇ ಎಂದು ಹೇಳುವರು. ಹಡಗಿಗಿಂತ ಹೆಸರಿಗೆ ಆಯುಸ್ಸು ಹೆಚ್ಚು!

ನಕ್ಷೆಯನ್ನು ಬರೆದವನೇ ಕಳ್ಳನಿಗೆ ದಾರಿ ತೋರಿದಂತಾಗಲಿಲ್ಲವೆ ಎಂಬುದೊಂದು ಸಂಶಯವಿದೆ. ಅದು ಸುಳ್ಳಲ್ಲ. ಆದರೆ ಮೊದಲು ನೋಡಿದವರಿಲ್ಲದಿದ್ದರೆ 2016ರಲ್ಲಿ ಏನು ಹೋಯಿತೆಂಬುದೇ ತಿಳಿಯುತ್ತಿರಲಿಲ್ಲ. ಮುಟ್ಟದೆ ಬಿಟ್ಟರೂ ಉಪ್ಪುನೀರು ಕಬ್ಬಿಣವನ್ನು ತಿಂದೇ ತಿನ್ನುತ್ತದೆ. ಆಗ ಉಳಿಯುವುದು ಅಳತೆಯ ಕಾಗದ ಮಾತ್ರ. ‘ವ್ಯಾನ್‌ಗಾರ್ಡ್’ ಸಿಡಿದು ನೂರು ವರ್ಷ ತುಂಬುವ ಸಮಯದಲ್ಲಿ ಸ್ವಯಂಸೇವಕರಾದ ಮುಳುಗುಗಾರರು ಅಪ್ಪಣೆ ಪಡೆದು ಅದರ ಚೂರುಗಳನ್ನು ದಾಖಲಿಸಿದರು. ನೋಡಬಹುದು, ಮುಟ್ಟಕೂಡದು ಎಂಬುದು ಕರಾರು. ನಮ್ಮ ತರಗತಿಯ ಮಕ್ಕಳಿಗೆ ಇದಕ್ಕಿಂತ ಕಠಿನವಾದ ನಿಯಮವಿಲ್ಲ!

ಆದರೂ ಮುಟ್ಟಲೇಬೇಕಾದ ಸಂದರ್ಭವು ಬರುತ್ತದೆ. 1939ರ ಅಕ್ಟೋಬರ್ 14ರಂದು ಜರ್ಮನರ ಜಲಾಂತರ್ಗಾಮಿಯು ಸ್ಕಾಪಾ ಫ್ಲೋವನ್ನು ಹೊಕ್ಕು ‘ರಾಯಲ್ ಓಕ್’ ನೌಕೆಯನ್ನು ಮುಳುಗಿಸಿತು. ಸತ್ತ 835 ಮಂದಿಯಲ್ಲಿ ನೂರಕ್ಕೂ ಮಿಕ್ಕಿ ಹದಿನೆಂಟು ತುಂಬದ ಹುಡುಗರಿದ್ದರು. ಅದು ಯುದ್ಧದ ಗೋರಿ. ಹೊರಗಿನವರಾರೂ ಅಲ್ಲಿ ಇಳಿಯುವಂತಿಲ್ಲ. ಆದರೆ ಅದರೊಳಗಿನ ತೈಲವು ವರ್ಷಗಟ್ಟಲೆ ಸೋರಿ ಕಡಲನ್ನು ಕೆಡಿಸತೊಡಗಿತು. ಆಗ ರಕ್ಷಣಾ ಖಾತೆಯೇ ಹಡಗಿನ ಮೈಯನ್ನು ಕೊರೆಯಿಸಿ ತೈಲವನ್ನು ಹೊರಗೆ ತೆಗೆಯಿಸಿತು. ನೌಕಾದಳದ ಮುಳುಗುಗಾರರು ಈಗಲೂ ವರ್ಷಕ್ಕೊಮ್ಮೆ ಅಲ್ಲಿ ಇಳಿಯುತ್ತಾರೆ. ಹಿಂದಿನ ವರ್ಷದ ಧ್ವಜವನ್ನು ಬಿಚ್ಚಿ, ಹೊಸದೊಂದನ್ನು ಕಟ್ಟಿ, ಮೇಲಕ್ಕೆ ಬರುತ್ತಾರೆ.