ಚಳಿಗಾಲಕ್ಕೆ ಮುಂಚೆ ದೋಣಿ ದಡಕ್ಕೆ

(ಭಾನುವಾರದ ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ)

ವಾಕ್ಯಭಾಗ: 2 ತಿಮೊಥೆಯ 4:6-21

ಪಕ್ಕದಲ್ಲಿ ಕೂತಿರುವವರನ್ನು ನೋಡಿ ಒಂದು ಮಾತು ಹೇಳಿ: "ತಡ ಮಾಡಬೇಡಿ." ಇನ್ನೊಂದು ಸಲ ಜೋರಾಗಿ ಹೇಳಿ. ಆಮೆನ್.

ನಾವು ಈಗ ಓದಿದ ಭಾಗದಲ್ಲಿ ಅಪೊಸ್ತಲನಾದ ಪೌಲನು ರೋಮಿನ ಸೆರೆಮನೆಯಲ್ಲಿದ್ದಾನೆ. ತಾನು ಹೊರಟುಹೋಗುವ ಸಮಯ ಹತ್ತಿರ ಬಂದಿದೆ ಅಂತ ಅವನಿಗೆ ಗೊತ್ತು. ಆ ಹೊತ್ತಿನಲ್ಲಿ ತಿಮೊಥೆಯನಿಗೆ ಪತ್ರ ಬರೆಯುತ್ತಾನೆ. ಪತ್ರದ ಕೊನೆಗೆ, 21ನೇ ವಚನದಲ್ಲಿ, ಒಂದು ಚಿಕ್ಕ ವಿನಂತಿ. ಚಳಿಗಾಲ ಶುರುವಾಗುವ ಮುಂಚೆಯೇ ಬರೋದಕ್ಕೆ ಪ್ರಯತ್ನ ಮಾಡು ಅಂತ ಕೇಳುತ್ತಾನೆ. ನಾನು ಎಷ್ಟೋ ವರ್ಷ ಈ ವಚನವನ್ನು ಸುಮ್ಮನೆ ಓದಿಕೊಂಡು ಹೋಗಿದ್ದೆ. ಬೆಂಗಳೂರಿನವರಿಗೆ ಚಳಿಗಾಲ ಅಂದ್ರೆ ಏನು? ಒಂದು ಸ್ವೆಟರ್, ಒಂದು ಕಪ್ ಕಾಫಿ, ಅಷ್ಟೇ ತಾನೇ? ಈ ವಚನದ ಭಾರ ನನಗೆ ಅರ್ಥವಾಗಿದ್ದು ಒಂದು ಹಳೆಯ ದೋಣಿಯಿಂದ. ಆ ಸಾಕ್ಷಿಯನ್ನು ಇವತ್ತು ಹೇಳ್ತೀನಿ.

ಸೇವೆಗೆ ಬರುವ ಮುಂಚೆ ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಕೆಲವು ವರ್ಷ ಅಮೆರಿಕದ ಮಿನೆಸೋಟಾದಲ್ಲಿದ್ದೆ. ಅದು ಸರೋವರಗಳ ನಾಡು. 10 ಎಕರೆಗಿಂತ ದೊಡ್ಡ ಸರೋವರಗಳೇ 11,842 ಇವೆ. ಅಲ್ಲಿ ಗಾಳ ಹಾಕಿ ಮೀನು ಹಿಡಿಯೋದು ಒಂದು ಹವ್ಯಾಸ ಮಾತ್ರ ಅಲ್ಲ, ಅಪ್ಪ ಮಗ ಸೇರಿ ಮಾಡುವ ಕೆಲಸ, ಅಜ್ಜ ಮೊಮ್ಮಗನಿಗೆ ಕಲಿಸುವ ವಿದ್ಯೆ. ನನಗೂ ಹುಚ್ಚು ಹಿಡಿಯಿತು. ಒಬ್ಬ ಸಹೋದ್ಯೋಗಿ ಜೊತೆ ಸೇರಿ, ಅರ್ಧ ಅರ್ಧ ದುಡ್ಡು ಹಾಕಿ, ಒಂದು ಹಳೆಯ ಅಲ್ಯೂಮಿನಿಯಂ ದೋಣಿ ತಗೊಂಡೆ. ಹಿಂದುಗಡೆ ಒಂದು ಹಳೆಯ ಮೋಟರ್.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಅಕ್ಟೋಬರ್ ಬಂತು ಅಂದ್ರೆ ಅವರು ಪ್ರತಿದಿನ ನೀರಿನ ಉಷ್ಣತೆ ನೋಡೋರು. ಮರದ ಎಲೆಗಳು ಉದುರಿ, ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ ಕೂತ ಮೇಲೆ ಒಂದು ದಿನ ಗೊತ್ತು ಮಾಡೋರು. ಆ ದಿನ ದೋಣಿಯನ್ನು ಟ್ರೈಲರ್ ಮೇಲೆ ಎಳೆದು, ಡ್ರೈನ್ ಪ್ಲಗ್ ತೆಗೆದು ತಳದ ನೀರೆಲ್ಲ ಹರಿಯೋಕೆ ಬಿಡೋರು. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡೋರು. ಮೋಟರಿನ ಕೆಳಭಾಗದ ಗೇರ್ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬೋರು. ಇಳಿಸಿದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡೋರು. ನಾನು ಕೇಳಿದೆ, ಯಾಕೆ ಅಷ್ಟು ನೋಡ್ತೀರಿ ಅಂತ. ಅವರು ಹೇಳಿದರು: ಎಣ್ಣೆ ಎಣ್ಣೆಯ ಬಣ್ಣದಲ್ಲೇ ಇದ್ದರೆ ಸರಿ. ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಎಲ್ಲೋ ಸೀಲ್ ಹಾಳಾಗಿ ಒಳಗೆ ನೀರು ಸೇರಿದೆ ಅಂತ ಅರ್ಥ. ಅದನ್ನು ಹಾಗೇ ಬಿಟ್ಟು ಚಳಿಗಾಲಕ್ಕೆ ಇಡಬಾರದು.

ಇಲ್ಲೊಂದು ವಿಷಯ ಗಮನಿಸಿ. ಅಲ್ಲಿ ವಾಲೈ ಅನ್ನೋ ಮೀನಿಗೆ ಬಹಳ ಬೇಡಿಕೆ. ಒಳನಾಡಿನ ಸರೋವರಗಳಲ್ಲಿ ಅದರ ಸೀಸನ್ ಕಾನೂನಿನ ಪ್ರಕಾರ ಫೆಬ್ರವರಿ ಕೊನೆಯ ಭಾನುವಾರದ ತನಕ ಇರುತ್ತೆ. ಸರೋವರ ಹೆಪ್ಪುಗಟ್ಟಿದ ಮೇಲೆ ಜನ ಮಂಜುಗಡ್ಡೆಯಲ್ಲಿ ತೂತು ಕೊರೆದು ಹಿಡಿಯುತ್ತಾರೆ. ಅಂದ್ರೆ, ದೋಣಿಯನ್ನು ಇಂಥ ದಿನವೇ ದಡಕ್ಕೆ ತಗೊಂಡು ಬಾ ಅಂತ ಯಾವ ಕಾನೂನೂ ಹೇಳಲ್ಲ. ಅದನ್ನು ನೀನೇ ತೀರ್ಮಾನ ಮಾಡಬೇಕು.

ತುಂಬಾ ಜನ ಯುವಕರು ನನ್ನ ಹತ್ತಿರ ಬಂದು, "ಪಾಸ್ಟರ್, ಇದು ಪಾಪನಾ?" ಅಂತ ಕೇಳ್ತಾರೆ. ಎಲ್ಲದಕ್ಕೂ ಬರೆದಿಟ್ಟ ತಾರೀಕು ಇರಲ್ಲ, ತಮ್ಮಾ. ಕೆಲವನ್ನು ವಿವೇಕದಿಂದ ನಿಲ್ಲಿಸಬೇಕು. ನಿಲ್ಲಿಸು ಅಂತ ಪವಿತ್ರಾತ್ಮನು ಒಳಗೆ ಮೆಲ್ಲಗೆ ಹೇಳುವಾಗ ನಿಲ್ಲಿಸೋದೂ ವಿಧೇಯತೆಯೇ.

ನಾನು ನಿಲ್ಲಿಸಿದೆನಾ? ಇಲ್ಲ. ಅಲ್ಲೇ ಇರೋದು ಮೋಸ. ಚಳಿಗಾಲ ಹತ್ತಿರ ಬರುವಾಗ ವಾಲೈ ಮೀನು ಚೆನ್ನಾಗಿ ತಿನ್ನುತ್ತೆ, ದೊಡ್ಡ ದೊಡ್ಡ ಮೀನು ಗಾಳಕ್ಕೆ ಬೀಳೋದು ಆಗಲೇ. ಪ್ರತಿ ವಾರ ನಾನು ಹೇಳಿದ್ದು ಒಂದೇ ಮಾತು: "ಇನ್ನೊಂದೇ ಒಂದು ಶನಿವಾರ." ಪಕ್ಕದ ಮನೆಯವರು ಎರಡು ಸಲ ಎಚ್ಚರಿಸಿದರು. ನಾನು ನಕ್ಕೆ. ಬಿಸಿಲಿತ್ತು, ಗಾಳಿ ಇರಲಿಲ್ಲ.

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಮನೆಗೆ ಹೋಗಿ ಓದಿ. ಉಪವಾಸದ ದಿನ ಕಳೆದುಹೋಗಿತ್ತು, ಸಮುದ್ರಪ್ರಯಾಣದ ಕಾಲ ಮುಗಿಯುತ್ತಾ ಬಂದಿತ್ತು. ಮುಂದೆ ಹೋದರೆ ನಷ್ಟವಾಗುತ್ತೆ ಅಂತ ಪೌಲನು ಎಚ್ಚರಿಸಿದ. ಶತಾಧಿಪತಿ ಹಡಗಿನ ಯಜಮಾನನ ಮಾತು ಕೇಳಿದ. ಅಷ್ಟರಲ್ಲಿ ದಕ್ಷಿಣದ ಗಾಳಿ ಮೆಲ್ಲಗೆ ಬೀಸಿತು. ಎಲ್ಲಾ ಸರಿಹೋಯ್ತು ಅಂದುಕೊಂಡರು! ಸ್ವಲ್ಪ ಹೊತ್ತಿಗೆ ಬಿರುಗಾಳಿ. ಹಡಗಿನಲ್ಲಿದ್ದ 276 ಜನರಲ್ಲಿ ಒಬ್ಬರೂ ಸಾಯಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಹಡಗು ಉಳಿಯಲಿಲ್ಲ.

ಮಿನೆಸೋಟಾದಲ್ಲೂ ಅಂಥ ಒಂದು ದಿನ ಇದೆ. 1940ರ ನವೆಂಬರ್ 11. ರಜಾದಿನ, ಬೆಳಗ್ಗೆ ಆ ಕಾಲಕ್ಕೆ ಅಪರೂಪವಾದ ಬೆಚ್ಚನೆಯ ಹವೆ. ಬಾತುಕೋಳಿ ಬೇಟೆಗಾರರು ತೆಳು ಬಟ್ಟೆಯಲ್ಲೇ ಮಿಸಿಸಿಪ್ಪಿ ನದಿಯ ಕಡೆ ಹೋದರು. ಆಕಾಶದ ತುಂಬಾ ಬಾತುಕೋಳಿ. ಇಂಥ ಬೇಟೆ ಮತ್ತೆ ಸಿಗಲ್ಲ ಅಂತ ಅಲ್ಲೇ ಉಳಿದರು. ಆ ಪಕ್ಷಿಗಳು ಬಿರುಗಾಳಿಗೆ ಹೆದರಿ ಓಡಿಬರುತ್ತಿದ್ದವು ಅಂತ ಅವರಿಗೆ ಹೊಳೆಯಲಿಲ್ಲ. ಹಿಮದ ಬಿರುಗಾಳಿ ಬಂದು ಬಡಿಯಿತು. ಆ ರಾಜ್ಯ ಒಂದರಲ್ಲೇ 49 ಜನ ಸತ್ತರು, ಅವರಲ್ಲಿ ಸುಮಾರು ಅರ್ಧದಷ್ಟು ಬೇಟೆಗಾರರು. ಪ್ರಿಯರೇ, ಇವತ್ತು ಬಿಸಿಲಿದೆ ಅನ್ನೋದು ನಾಳೆಗೆ ಗ್ಯಾರಂಟಿ ಅಲ್ಲ. ಗಾಳಕ್ಕೆ ಮೀನು ಬೀಳ್ತಾ ಇದೆ ಅನ್ನೋದು ದೇವರ ಒಪ್ಪಿಗೆಯ ಗುರುತೂ ಅಲ್ಲ.

ನನ್ನ ಕಥೆಗೆ ಬರ್ತೀನಿ. ನವೆಂಬರ್‌ನಲ್ಲಿ ಒಂದು ರಾತ್ರಿ ಹಿಮ ಸುರಿಯಿತು. ನಾವು ಹೇಗೋ ದೋಣಿ ಎಳೆದು ತಂದು, ಮೇಲೆ ಟಾರ್ಪಾಲ್ ಮುಚ್ಚಿ ಕೈತೊಳೆದುಕೊಂಡೆವು. ಎಣ್ಣೆ ಇಳಿಸಲಿಲ್ಲ, ನೋಡಲೂ ಇಲ್ಲ. ಹೊರಗಿನಿಂದ ದೋಣಿ ಚೆನ್ನಾಗೇ ಕಾಣ್ತಿತ್ತು. ಮೇ ತಿಂಗಳಲ್ಲಿ ಹೊಸ ಸೀಸನ್ ಶುರುವಾಗುವಾಗ ಟಾರ್ಪಾಲ್ ತೆಗೆದರೆ, ಮೋಟರಿನ ಕೆಳಗೆ ನೆಲದ ಮೇಲೆ ಬೆಳ್ಳಗಿನ ಎಣ್ಣೆ. ಗೇರ್ ಪೆಟ್ಟಿಗೆ ಉದ್ದಕ್ಕೆ ಸೀಳಿತ್ತು. ಮೆಕ್ಯಾನಿಕ್ ನೋಡಿ ಹೇಳಿದ: ಹೊರಗಿನ ಹಿಮ ಇದನ್ನು ಒಡೆದಿಲ್ಲ, ಒಳಗೆ ಉಳಿದ ನೀರು ಒಡೆದಿದೆ. ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತೆ. ಒಂದು ಲೋಟ ನೀರು ಸಾಕು, ಲೋಹವೂ ತಡೆಯಲ್ಲ.

ಆ ದಿನ ಆ ಮಾತು ನನ್ನ ಎದೆಗೆ ನಾಟಿತು. ಯಾಕಂದ್ರೆ ಅದೇ ಚಳಿಗಾಲದಲ್ಲಿ ಇನ್ನೊಂದು ಒಡೆದಿತ್ತು.

ನನಗೆ ಒಬ್ಬ ತಮ್ಮ ಇದ್ದಾನೆ. ಅಪ್ಪ ತೀರಿಹೋದ ಮೇಲೆ ಹಾಸನದ ಮನೆ ಮಾರುವ ವಿಷಯದಲ್ಲಿ ನಮ್ಮಿಬ್ಬರಿಗೂ ಮಾತು ಬೆಳೆಯಿತು. ಅವನು ಫೋನಲ್ಲಿ ಒಂದು ಮಾತು ಅಂದ, ನಾನು ನಾಲ್ಕು ಅಂದೆ. ಎರಡು ವರ್ಷ ಮಾತಿಲ್ಲ. ಸಭೆಯಲ್ಲಿ ಕೈ ಎತ್ತಿ ಆರಾಧಿಸುತ್ತಿದ್ದೆ, ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಮಾತ್ರ ಹೇಳೋಳು, "ರೀ, ತಮ್ಮನ ಹೆಸರು ಬಂದ ತಕ್ಷಣ ನಿಮ್ಮ ದನಿ ಬದಲಾಗುತ್ತೆ." ಎಣ್ಣೆ ಬೆಳ್ಳಗಾಗಿತ್ತು, ಪ್ರಿಯರೇ. ನಾನು ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.

ಆ ಅಕ್ಟೋಬರ್‌ನಲ್ಲಿ ತಮ್ಮನೇ ಫೋನ್ ಮಾಡಿದ. "ಅಣ್ಣ, ನನ್ನ ಮದುವೆ ನಿಶ್ಚಯ ಆಗಿದೆ, ಜನವರಿಯಲ್ಲಿ. ನೀನು ಬಂದು ಪಕ್ಕದಲ್ಲಿ ನಿಂತರೆ ಸಾಕು, ಬೇರೆ ಏನೂ ಬೇಡ." ನಾನು ಅಂದೆ, "ಪ್ರಾಜೆಕ್ಟ್ ರಿಲೀಸ್ ಇದೆ, ನೋಡೋಣ." ಸುಳ್ಳು. ರಜೆ ಇತ್ತು, ಟಿಕೆಟ್‌ಗೆ ದುಡ್ಡೂ ಇತ್ತು. ಪ್ರತಿ ಶನಿವಾರ ಮೀನು ಹಿಡಿಯೋಕೆ ಇಡೀ ದಿನ ಸಿಗುತ್ತಿತ್ತು, ತಮ್ಮನಿಗೆ ತಿರುಗಿ ಫೋನ್ ಮಾಡೋಕೆ ಹತ್ತು ನಿಮಿಷ ಸಿಗಲಿಲ್ಲ. ಇನ್ನೊಂದು ವಾರ ಹೋಗಲಿ, ಕ್ರಿಸ್‌ಮಸ್ ಮುಗಿಯಲಿ ಅಂದುಕೊಂಡೆ. ಜನವರಿ ಬಂತು, ಮದುವೆ ಆಯ್ತು. ಅಮ್ಮ ಒಬ್ಬರೇ ನಿಂತಿದ್ದರು.

ಈಗ ಪೌಲನ ಕಡೆ ಮತ್ತೆ ನೋಡಿ. ಆ ಕಾಲದಲ್ಲಿ ನವೆಂಬರ್ 11ರಿಂದ ಮಾರ್ಚ್ 10ರ ತನಕ ಸಮುದ್ರ ಮುಚ್ಚಿದೆ ಅಂತಲೇ ರೋಮಿನವರು ಎಣಿಸುತ್ತಿದ್ದರು. ತಿಮೊಥೆಯ ತಡ ಮಾಡಿದರೆ ವಸಂತದ ತನಕ ದಾರಿಯಿಲ್ಲ. ಅಷ್ಟರಲ್ಲಿ ಪೌಲನು ಇರ್ತಾನೋ ಇಲ್ಲವೋ. ಚಳಿಗೆ ಬೇಕಾದ ಮೇಲಂಗಿ ಕೇಳುತ್ತಾನೆ, ಪುಸ್ತಕ ಕೇಳುತ್ತಾನೆ. ಆಮೇಲೆ 11ನೇ ವಚನ ನೋಡಿ: ಮಾರ್ಕನನ್ನು ಜೊತೆಯಲ್ಲಿ ಕರೆದುಕೊಂಡು ಬಾ ಅಂತಾನೆ. ಯಾವ ಮಾರ್ಕ? ಅಪೊಸ್ತಲರ ಕೃತ್ಯಗಳು 15ರಲ್ಲಿ, ಇವನು ನಮ್ಮ ಜೊತೆ ಬೇಡವೇ ಬೇಡ ಅಂತ ಬಾರ್ನಬನ ಜೊತೆ ಜಗಳವಾಗಿ ಬೇರೆಯಾದನಲ್ಲ, ಅದೇ ಮಾರ್ಕ! 16ನೇ ವಚನದಲ್ಲಿ, ತನ್ನನ್ನು ಕೈಬಿಟ್ಟವರ ಮೇಲೆ ಆ ದೋಷ ಬಾರದಿರಲಿ ಅಂತ ಬೇಡುತ್ತಾನೆ. ಹಲ್ಲೆಲೂಯಾ! ಚಳಿಗಾಲ ಬರುವ ಮುಂಚೆ ಪೌಲನು ಒಳಗಿನ ನೀರನ್ನೆಲ್ಲ ಇಳಿಸಿಬಿಟ್ಟಿದ್ದಾನೆ. ಅದಕ್ಕೇ ಸೆರೆಮನೆಯ ಚಳಿ ಅವನನ್ನು ಒಡೆಯಲಿಲ್ಲ.

ಚಳಿಗಾಲ ಎಲ್ಲರಿಗೂ ಬರುತ್ತೆ. ಕೆಲಸ ಹೋಗುವ ದಿನ, ಆಸ್ಪತ್ರೆಯ ದಿನ, ಮನೆಯಲ್ಲಿ ಸಾವಾಗುವ ದಿನ. ಚಳಿಗಾಲ ದೇವರ ಶಾಪ ಅಲ್ಲ. ಮಿನೆಸೋಟಾದಲ್ಲಿ ಮೇಲೆ ಅಷ್ಟು ದಪ್ಪ ಮಂಜುಗಡ್ಡೆ ಇದ್ದರೂ ಸರೋವರದ ತಳದಲ್ಲಿ ನೀರು ಸುಮಾರು 4 ಡಿಗ್ರಿ ಇರುತ್ತೆ. ಮಂಜುಗಡ್ಡೆ ಹಗುರ, ಅದಕ್ಕೆ ತೇಲುತ್ತೆ. ಕೆಳಗೆ ಮೀನು ಬದುಕಿರುತ್ತೆ. ಸೃಷ್ಟಿಕರ್ತನು ಹಾಗೆ ಇಟ್ಟಿದ್ದಾನೆ. ಚಳಿಗಾಲವನ್ನು ದಾಟಿಸೋದು ದೇವರಿಗೆ ಕಷ್ಟ ಅಲ್ಲ. ಪ್ರಶ್ನೆ ಇಷ್ಟೇ: ನೀನು ಒಳಗೆ ಏನನ್ನು ಇಟ್ಟುಕೊಂಡು ಚಳಿಗಾಲಕ್ಕೆ ಹೋಗ್ತಾ ಇದ್ದೀಯ?

ಯಾರ ಹೆಸರು ಕೇಳಿದರೆ ನಿನ್ನ ದನಿ ಬದಲಾಗುತ್ತೆ? "ಇನ್ನೊಂದೇ ಸಲ" ಅಂತ ನೀನು ಯಾವ ಅಭ್ಯಾಸಕ್ಕೆ, ಯಾವ ಸಂಬಂಧಕ್ಕೆ ಹೇಳ್ತಾ ಇದ್ದೀಯ? ಇವತ್ತೇ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡು. ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ: ಯಾರೋ ನಿನ್ನನ್ನು ಹಿಂಸಿಸಿದ್ದರೆ, ಕ್ಷಮಿಸು ಅಂದ್ರೆ ಮತ್ತೆ ಅವರ ಕೈಗೆ ಸಿಕ್ಕು ಅಂತ ಅರ್ಥ ಅಲ್ಲ. ನಮ್ಮ ಹತ್ತಿರ ಬಂದು ಮಾತಾಡು, ನಾವು ನಿನ್ನ ಜೊತೆ ನಿಲ್ಲುತ್ತೇವೆ.

ಕೊನೆಯದಾಗಿ ಪೇತ್ರನನ್ನು ನೋಡಿ, ಅವನೂ ಮೀನುಗಾರನೇ. ಯೋಹಾನ 18ರಲ್ಲಿ ಚಳಿಯ ರಾತ್ರಿ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದಾಗ ಕರ್ತನನ್ನು ಅರಿಯೆನು ಅಂದುಬಿಟ್ಟ. ಯೋಹಾನ 21ರಲ್ಲಿ ಬೆಳಗಾಗುತ್ತೆ, ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಅದನ್ನು ಹೊತ್ತಿಸಿಟ್ಟವನು ಯೇಸು. ಬಲೆಯಲ್ಲಿ 153 ದೊಡ್ಡ ಮೀನು ಇದ್ದರೂ ಯೇಸು ಮೀನಿನ ಲೆಕ್ಕ ಕೇಳಲಿಲ್ಲ. ಮೊದಲು ಊಟ ಕೊಟ್ಟನು, ಆಮೇಲೆ ಪ್ರೀತಿಯ ವಿಷಯ ಮೂರು ಸಲ ಕೇಳಿದನು. ಪೇತ್ರನಿಗೆ ನೋವಾಯಿತು. ಆದರೂ ಒಳಗೆ ಉಳಿದಿದ್ದನ್ನು ಪೂರ್ತಿ ಇಳಿಸದೆ ಕರ್ತನು ಅವನನ್ನು ಕಳಿಸಲಿಲ್ಲ. ನಮ್ಮ ಕೈಯಲ್ಲಿ ತೆಗೆಯೋಕಾಗದ ಪ್ಲಗ್ಗನ್ನು ತೆಗೆಯುವವನು ಆತನೇ.

ಆ ಮೇ ತಿಂಗಳ ದಿನ, ಗ್ಯಾರೇಜ್ ನೆಲದ ಮೇಲೆ ಕೂತೇ ನಾನು ತಮ್ಮನಿಗೆ ಫೋನ್ ಮಾಡಿದೆ. ಅತ್ತೆ. ಅವನೂ ಅತ್ತ. ಇವತ್ತು ನಾವಿಬ್ಬರೂ ಚೆನ್ನಾಗಿದ್ದೇವೆ, ಕರ್ತನಿಗೆ ಸ್ತೋತ್ರ. ಆದರೆ ಹಾಸನದಲ್ಲಿ ಅವನ ಮನೆಯ ಗೋಡೆಯ ಮೇಲೆ ಮದುವೆಯ ಫೋಟೋ ಇದೆ. ಅದರಲ್ಲಿ ನಾನಿಲ್ಲ. ಎಷ್ಟು ಸಲ ಹೋದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ. ದೇವರು ನನ್ನನ್ನು ಕ್ಷಮಿಸಿದ್ದಾನೆ, ತಮ್ಮನೂ ಕ್ಷಮಿಸಿದ್ದಾನೆ. ಆ ಜನವರಿ ಮಾತ್ರ ತಿರುಗಿ ಬರಲ್ಲ.

ಅದಕ್ಕೇ ಬೇಡಿಕೊಳ್ತೀನಿ, ತಡ ಮಾಡಬೇಡಿ. ಫೋನ್ ನಿಮ್ಮ ಕೈಯಲ್ಲೇ ಇದೆ. ಆರಾಧನೆ ಮುಗಿದ ಮೇಲೆ ಬಿರಿಯಾನಿಗೆ ಹೋಗುವ ಮುಂಚೆ, ಪಾರ್ಕಿಂಗ್‌ನಲ್ಲೇ ನಿಂತು ಆ ಒಂದು ಕರೆ ಮಾಡಿ. ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಕರ್ತನೇ, ನಮ್ಮೊಳಗೆ ಉಳಿದಿರುವುದನ್ನು ನೀನು ಬಲ್ಲೆ. ಕಹಿಯನ್ನು, ಸುಳ್ಳನ್ನು, ಮುಂದೂಡಿದ ಮಾತನ್ನು ಇವತ್ತು ಇಳಿಸಿಬಿಡು. ನಿಲ್ಲಿಸಬೇಕಾದದ್ದನ್ನು ನಿಲ್ಲಿಸುವ ಧೈರ್ಯ ಕೊಡು. ಚಳಿಗಾಲ ಬರುವ ಮುಂಚೆ ನಮ್ಮನ್ನು ಒಬ್ಬರ ಹತ್ತಿರ ಒಬ್ಬರನ್ನು ಕಳುಹಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.