ಹಗೇವು ತುಂಬಿದವರಾರು

ಒಂದು ಸೆಪ್ಟೆಂಬರ್ ಮೊದಲ ವಾರ, ಯಲಬುರ್ಗಾ ಕಡೆಯ ನಮ್ಮ ಆಯಿ ಬಚ್ಚಲಲ್ಲಿ ಜಾರಿಬಿದ್ದಳು. ತಲೆಯ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಪೆಟ್ಟೇನೂ ಇಲ್ಲ. ವಯಸ್ಸಾಯ್ತಲ್ಲ, ಮೆದುಳು ಕುಗ್ಗಿದೆ’ ಎಂದರು. ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ‘ಬಾಡಿದ ಹೂಕೋಸು ಇದ್ದಂಗ ಐತಲ್ಲೋ ತಮ್ಮಾ!’

‘ಇವತ್ತು ತಾರೀಕು ಎಷ್ಟಮ್ಮ?’

‘ತಾರೀಕು ನೀವ ನೋಡ್ಕೋರಿ. ಹುಬ್ಬಿ ಮಳಿ, ಎರಡನೇ ಪಾದ ನಡದೈತಿ. ಹನಿ ಬಿದ್ದಿಲ್ಲ.’

ಡಾಕ್ಟರು ಕಾಗದದ ಮೇಲೆ ಸರಿ ಗುರುತು ಹಾಕಿದರೋ ತಪ್ಪು ಹಾಕಿದರೋ ನನಗೆ ಕಾಣಲಿಲ್ಲ.

ಬೆಳಕಿಗೆ ಹಿಡಿದ ಆ ಫಿಲ್ಮು ನನಗೆ ತೊಗಲುಗೊಂಬೆಯನ್ನು ನೆನಪಿಸಿತು. ಕೈಯಲ್ಲಿ ಹಿಡಿದರೆ ಅದು ಒಣಗಿದ ಚರ್ಮ, ಮೈತುಂಬ ತೂತು. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಸೀತೆಯ ಒಡವೆಯಾಗುತ್ತವೆ. ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಏಳು ದಶಕ ಆಡಿಸಿದ ಜೀವ ಅದು. ಪುಸ್ತಕ ಮುಂದಿಟ್ಟುಕೊಂಡು ಆಡುವ ಆಟವಲ್ಲ ಇದು. ಹಾಡು, ಮಾತು, ಯಾವ ಗೊಂಬೆ ಯಾವಾಗ ಏಳಬೇಕೆಂಬ ಲೆಕ್ಕ, ಎಲ್ಲ ತಲೆಯಲ್ಲೇ. ಅಷ್ಟೂ ಕಥೆ ಆ ಮುದಿ ತಲೆಯೊಳಗೆ ಎಲ್ಲಿ ಕೂತಿದೆಯಪ್ಪಾ ಎಂದು ನನಗೆ ಬೆರಗು.

ನೆನಪು ಕಟ್ಟಿಕೊಡುವ ಹಿಪೊಕ್ಯಾಂಪಸ್ ಮುಪ್ಪಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೊಂದು ಪಾಲು ಸವೆಯುತ್ತದೆ. ಆದರೆ ಸವೆತಕ್ಕೂ ಮರೆವಿಗೂ ನೇರ ಗಂಟು ಬಿದ್ದಿಲ್ಲ. 1986ರಲ್ಲಿ ಡೇವಿಡ್ ಸ್ನೋಡನ್ ಅಮೆರಿಕದಲ್ಲಿ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನಕ್ಕೆ ಕೈಹಾಕಿದರು. 678 ಮಂದಿ ತಮ್ಮ ಮೆದುಳನ್ನೇ ದಾನ ಬರೆದುಕೊಟ್ಟರು. ಅವರಲ್ಲೊಬ್ಬರ ಮೆದುಳು ಆಲ್ಜೈಮರ್ ಗಂಟುಗಳಿಂದ ತುಂಬಿತ್ತು. ಆದರೂ ನೂರು ದಾಟಿ ತೀರಿಕೊಳ್ಳುವವರೆಗೆ ಅವರ ಬುದ್ಧಿ ಚುರುಕಾಗಿಯೇ ಇತ್ತು. ಇದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ‘ಅರಿವಿನ ಮೀಸಲು’. ನಮ್ಮಲ್ಲಿ ಅದಕ್ಕೆ ಮೊದಲಿನಿಂದ ಒಂದು ಮಾತಿದೆ: ಹಗೇವು. ಸುಗ್ಗಿಯ ಜೋಳವನ್ನು ನೆಲದೊಳಗೆ ಇಳಿಸಿ ಬಾಯಿ ಮುಚ್ಚಿಬಿಡುವುದು. ಮೇಲೆ ಹೊಲ ಬಿರುಕು ಬಿಟ್ಟರೂ ಒಳಗೆ ಕಾಳಿದೆ.

ಹಗೇವು ತುಂಬುವುದು ಯಾವುದರಿಂದ? ಶಾಲೆ, ಪುಸ್ತಕ ಎನ್ನುತ್ತಾರೆ, ಸುಳ್ಳಲ್ಲ. ಆದರೆ ಡಾ. ಸುವರ್ಣಾ ಅಲ್ಲಾಡಿ ಮತ್ತವರ ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳನ್ನು ನೋಡಿ 2013ರಲ್ಲಿ ಬೇರೊಂದು ಸಂಗತಿ ಹೇಳಿದರು. ಎರಡು ಭಾಷೆ ಬಲ್ಲವರಿಗೆ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ! ನಿಜಾಮನ ಕಾಲದಿಂದ ಕನ್ನಡ, ಉರ್ದು, ತೆಲುಗು ಮೂರನ್ನೂ ಒಂದೇ ಸಂತೆಯಲ್ಲಿ ಮಾತಾಡುವ ನಮ್ಮವರಿಗೆ ಇದು ಖುಷಿಯ ಸುದ್ದಿ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರ ಮನೆಯೊಳಗೆ ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಕನ್ನಡ. ನಮ್ಮ ಆಯಿ ಗಂಗಾವತಿ ಕಡೆಯ ತೆಲುಗರ ಕ್ಯಾಂಪಿನಲ್ಲಿ ಭತ್ತ ನಾಟಿಗೆ ಹೋಗಿ ತೆಲುಗು ಕಲಿತವಳು. ಈಗಲೂ ಬೈಯುವುದು ಅದರಲ್ಲೇ.

ಹಾಗೆಂದು ಅಕ್ಷರ ಇಲ್ಲದ್ದೇ ವರ ಎನ್ನಲಾರೆ. ಓದದವರಲ್ಲೇ ಮರೆಗುಳಿತನದ ಅಪಾಯ ಹೆಚ್ಚು. ಆಯಿಯ ತಂಗಿಗೆ ಕೊನೆಕೊನೆಗೆ ಹೆತ್ತ ಮಕ್ಕಳ ಗುರುತೇ ಹತ್ತುತ್ತಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ತಿಂದದ್ದು ಅದೇ ರೊಟ್ಟಿ, ಕಂಡದ್ದು ಅದೇ ಬರ. ಒಬ್ಬಳ ಹಗೇವು ಬರಿದಾಯಿತು, ಇನ್ನೊಬ್ಬಳದು ಉಳಿಯಿತು. ಇಲ್ಲಿ ನನ್ನ ಲೆಕ್ಕ ನಿಂತುಬಿಡುತ್ತದೆ.

ನಮ್ಮ ಮನೆಯ ಹಗೇವನ್ನು ತೆರೆದರೆ ಒಂದು ರಾತ್ರಿ ಹಾಗೇ ಬಿಡುತ್ತಿದ್ದರಂತೆ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆಮೇಲೆ ಅಂಗಳವನ್ನೂ ಒಳಗೆ ಸೇರಿಸಿ ಮನೆ ಕಟ್ಟಿಸಿದೆವು, ಟೈಲ್ಸ್ ಹಾಕಿಸಿದೆವು. ಹಗೇವಿನ ಬಾಯಿ ಎಲ್ಲಿತ್ತೆಂದು ಅಪ್ಪನಿಗೂ ನೆನಪಿಲ್ಲ. ಮೊನ್ನೆ ಆಯಿಯನ್ನು ಕೇಳಿದೆ. ಕೂತಲ್ಲಿಂದಲೇ ಕೋಲು ಚಾಚಿ ಫ್ರಿಜ್ ಇಟ್ಟ ಮೂಲೆ ತೋರಿಸಿದಳು.