ಅಪ್ಪನ ಎದೆಬಡಿತ ಯಾರ ಕೈಯಲ್ಲಿ?

ನಾವು ತೊಡುವ ಬಟ್ಟೆ ಮೈ ಮುಚ್ಚುತ್ತದೆ, ಚಳಿ ತಡೆಯುತ್ತದೆ, ಮಾನ ಕಾಯುತ್ತದೆ. ಈಗ ಅದಕ್ಕೆ ಮತ್ತೊಂದು ಕೆಲಸ ಸೇರಿದೆ: ತೊಟ್ಟವರ ದೇಹದ ಸುದ್ದಿಯನ್ನು ಬೇರೆಯವರಿಗೆ ಮುಟ್ಟಿಸುವುದು.

ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಭಾರತೀಯ ಮೂಲದ ಪ್ರಾಧ್ಯಾಪಕ ಸುಂದರೇಶನ್ ಜಯರಾಮನ್ ಅವರ ತಂಡ 1996ರಲ್ಲಿ ಇಂಥ ಅಂಗಿಯ ಕೆಲಸ ಆರಂಭಿಸಿತು. ಹಣ ಒದಗಿಸಿದ್ದು ಆ ದೇಶದ ನೌಕಾಪಡೆ. ಸೈನಿಕನಿಗೆ ಗುಂಡು ಎಲ್ಲಿ ತಗುಲಿದೆ, ಹೃದಯ ಹೇಗೆ ಬಡಿಯುತ್ತಿದೆ ಎಂಬುದನ್ನು ವೈದ್ಯರಿಗೆ ಬೇಗ ತಿಳಿಸುವುದು ಉದ್ದೇಶ. ಇಂದು ಬೆಳ್ಳಿ ಲೇಪಿಸಿದ ನೂಲನ್ನು ಎದೆಯ ಭಾಗದಲ್ಲಿ ಹೆಣೆದು, ಹೃದಯದ ವಿದ್ಯುತ್ ಸಂಕೇತವನ್ನು ಹಿಡಿದು ಮೊಬೈಲಿಗೆ ಕಳಿಸುವ ಬನಿಯನ್‌ಗಳಿವೆ. ಪ್ರಾಣ ಉಳಿಸಬಲ್ಲ ವಿದ್ಯೆಗೆ ನಾವು ಹೆದರಬೇಕಿಲ್ಲ. ಬುದ್ಧಿಯೂ ದೇವರ ವರದಾನವೇ.

ಆದರೆ ಹೀಗೆ ಯೋಚಿಸಿ. ಗಲ್ಫಿನಲ್ಲಿ ದುಡಿಯುವ ಮಗ, ಊರಿನಲ್ಲಿ ಒಬ್ಬರೇ ಇರುವ ತಂದೆಗೆ ಇಂಥ ಬನಿಯನ್ ತೊಡಿಸುತ್ತಾನೆ. ದಿನವೂ ಬರಲಾಗದ ಮಗನನ್ನು ದೂರುವುದು ನ್ಯಾಯವಲ್ಲ. ಬೆಳಿಗ್ಗೆ ಅಂಕಿ ನೋಡುತ್ತಾನೆ, ಸರಿಯಾಗಿದೆ. ಆದ್ದರಿಂದ ಫೋನ್ ಮಾಡುವುದಿಲ್ಲ. ತಂದೆ ರಾತ್ರಿ ನಿದ್ರಿಸಲಿಲ್ಲವೆಂದು ಅವನಿಗೆ ಗೊತ್ತು, ಏಕೆಂದು ಗೊತ್ತಿಲ್ಲ. ಇದು ಆರೈಕೆಯೋ, ಕಾವಲೋ?

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ನೆನಪಿಸಿಕೊಳ್ಳೋಣ. 12 ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀ ಜನಜಂಗುಳಿಯಲ್ಲಿ ಯೇಸುವಿನ ಉಡುಪನ್ನು ಮುಟ್ಟಿದಳು. ಆ ಕ್ಷಣವೇ ಗುಣವಾಯಿತು. ಪ್ರಭುವು ಹಾಗೆಯೇ ಮುಂದೆ ಸಾಗಬಹುದಿತ್ತು. ಆದರೆ ಅವರು ನಿಂತರು, ಹಿಂತಿರುಗಿ ಮುಟ್ಟಿದ್ದು ಯಾರೆಂದು ಕೇಳಿದರು. ನಡೆದದ್ದನ್ನೆಲ್ಲ ಆಕೆಯೇ ತನ್ನ ಬಾಯಿಂದ ಹೇಳುವವರೆಗೂ ಕಾದರು. ಮಗಳೆಂದು ಕರೆದರು. ಅಂತರಂಗವನ್ನು ಬಲ್ಲವರೇ ಒಬ್ಬ ಬಡ ಹೆಂಗಸಿಗೆ ಇಷ್ಟು ಗೌರವ ಕೊಟ್ಟಿರುವಾಗ, ನಾವು ನಮ್ಮ ಹಿರಿಯರಿಗೆ ಅದನ್ನು ನಿರಾಕರಿಸಬಹುದೇ?

ಆದ್ದರಿಂದ ಇಂಥ ಬಟ್ಟೆ ನಿಮ್ಮ ಮನೆಗೆ ಬಂದರೆ, ತೊಡಿಸುವ ಮೊದಲು ತಂದೆತಾಯಿಯ ಒಪ್ಪಿಗೆ ಕೇಳಿ. ಆ ಅಂಕಿಗಳು ನಿಮಗಲ್ಲದೆ ಮಾರಿದ ಕಂಪನಿಗೂ ತಲುಪುತ್ತವೆಯೇ ಎಂದು ವಿಚಾರಿಸಿ ಅವರಿಗೆ ತಿಳಿಸಿ. ಬೇಡವೆಂದರೆ ಬಲವಂತ ಮಾಡಬೇಡಿ. ಒಪ್ಪಿದರೆ, ಅಂಕಿ ಸರಿಯಾಗಿರುವ ದಿನವೂ ಫೋನ್ ಮಾಡಿ, "ಅಪ್ಪಾ, ಹೇಗಿದ್ದೀರಿ?" ಎಂದು ಕೇಳಿ. ಉತ್ತರ ಉದ್ದವಾದರೂ ಕೇಳಿಸಿಕೊಳ್ಳಿ.